ತಂಬಿಗೆ ನೀರು ಎಲ್ಲಿ ಹೋಯಿತು?

ಏಪ್ರಿಲ್ ತಿಂಗಳಲ್ಲಿ ವಿಜಯಪುರದ ಕಡೆ ಸಂಜೆ ಆರಾದರೂ ನೆಲ ಬಿಸಿ ಕಾರುತ್ತಿರುತ್ತದೆ. ಆ ಹೊತ್ತಿಗೆ ನೀವು ಅಂಗಳದ ದಾಸವಾಳದ ಬುಡಕ್ಕೆ ಒಂದು ತಂಬಿಗೆ ನೀರು ಹಾಕುತ್ತೀರಿ. ಮಣ್ಣು ಗಟಗಟ ಕುಡಿದುಬಿಡುತ್ತದೆ. ಮರುದಿನ ಶಾಲೆ ಬಿಟ್ಟು ಬಂದು ನೋಡಿದರೆ ಬುಡ ಬಣಬಣ ಒಣಗಿದೆ. ಗಿಡ ನಿನ್ನೆಗಿಂತ ಒಂದು ಕೂದಲೆಳೆಯಷ್ಟೂ ಎತ್ತರವಾಗಿಲ್ಲ. ಹಾಗಾದರೆ ಆ ನೀರೆಲ್ಲ ಎಲ್ಲಿ ಹೋಯಿತು ಮಕ್ಕಳೇ?

ನೀರು ಇಲ್ಲವಾಗುವ ವಸ್ತುವಲ್ಲ. ಎಲ್ಲೋ ಹೋಗಿಯೇ ಹೋಗಿರುತ್ತದೆ. ಬುಡದಿಂದ ಆಚೆ ಹರಿದು ಹೋಗಿರಬಹುದು. ಬೇರಿಗೆ ನಿಲುಕದಷ್ಟು ಆಳಕ್ಕೆ ಇಳಿದಿರಬಹುದು. ಮಣ್ಣಿನ ಮೇಲ್ಮೈಯಿಂದಲೇ ಆವಿಯಾಗಿ ಹಾರಿರಬಹುದು. ಇಲ್ಲವೇ ಗಿಡ ಕುಡಿದಿರಬಹುದು. ಮೊದಲ ಮೂರು ದಾರಿಗಳಲ್ಲಿ ಹೋದ ನೀರು ನಮಗೆ ನಷ್ಟ. ನಾಲ್ಕನೆಯದು ಮಾತ್ರ ಗಿಡದ ಲೆಕ್ಕಕ್ಕೆ. ಆದರೆ ಆ ನಾಲ್ಕನೆಯ ದಾರಿಯಲ್ಲೇ ಒಂದು ಸೋಜಿಗವಿದೆ. ಅದನ್ನು ತಾಳ್ಮೆಯಿಂದ ತೂಗಿ ನೋಡಿದವರು ಒಬ್ಬ ಪಾದ್ರಿ.

ಅವರ ಹೆಸರು ಸ್ಟೀಫನ್ ಹೇಲ್ಸ್. ಇಂಗ್ಲೆಂಡಿನ ಥೇಮ್ಸ್ ನದಿಯ ದಂಡೆಯಲ್ಲಿರುವ ಟೆಡಿಂಗ್ಟನ್ ಎಂಬ ಊರಿನ ಚರ್ಚಿನಲ್ಲಿ ಪಾದ್ರಿಯಾಗಿದ್ದರು. ಪ್ರಾರ್ಥನೆ ಮುಗಿದ ಮೇಲೆ ಉಳಿದ ಹೊತ್ತೆಲ್ಲ ಅವರಿಗೆ ಗಿಡಗಳ ಯೋಚನೆ. 1724ರ ಬೇಸಿಗೆಯಲ್ಲಿ ಕುಂಡದಲ್ಲಿದ್ದ ಒಂದು ಸೂರ್ಯಕಾಂತಿ ಗಿಡವನ್ನು ತಂದಿಟ್ಟುಕೊಂಡರು. ಗಿಡದ ಎತ್ತರ ಮೂರೂವರೆ ಅಡಿ. ಕುಂಡದ ಬಾಯಿಗೆ ಸೀಸದ ತೆಳು ತಗಡು ಮುಚ್ಚಿ, ಸಂದು ಬಿಡದಂತೆ ಮೆತ್ತಿದರು. ಈಗ ಮಣ್ಣಿನಿಂದ ಆವಿ ಏಳುವ ದಾರಿ ಬಂದ್. ಕುಂಡದ ಗೋಡೆಯಿಂದ ಹಾರುವ ತುಸು ನೀರನ್ನು ಬಿಟ್ಟರೆ, ಉಳಿದದ್ದು ಗಿಡದ ಮೈಯಿಂದಲೇ ಹೋಗಬೇಕು. ನೀರು ಹಾಕಲು ತಗಡಿನಲ್ಲಿ ಒಂದು ಸಣ್ಣ ತೂತು, ಅದಕ್ಕೊಂದು ಬಿರಡೆ. ಜುಲೈ ತಿಂಗಳಿನಿಂದ ಆಗಸ್ಟ್‌ವರೆಗೆ ಆ ಕುಂಡವನ್ನು ಬೆಳಿಗ್ಗೆ ಸಂಜೆ ತಕ್ಕಡಿಯಲ್ಲಿಟ್ಟು ತೂಗಿದರು. ಗೋಡೆಯಿಂದ ಹಾರಿದ್ದನ್ನು ಕಳೆದು, ಎಷ್ಟು ತೂಕ ಇಳಿಯಿತೋ ಅಷ್ಟು ನೀರು ಎಲೆಗಳಿಂದ ಹಾರಿದೆ ಎಂದು ಲೆಕ್ಕ.

ಹಗಲಿನ ಹನ್ನೆರಡು ತಾಸಿನಲ್ಲಿ ಆ ಗಿಡ ಸರಾಸರಿ ಅರ್ಧ ಲೀಟರಿಗಿಂತ ತುಸು ಹೆಚ್ಚೇ ನೀರನ್ನು ಗಾಳಿಗೆ ಬಿಡುತ್ತಿತ್ತು. ಇಬ್ಬನಿ ಇಲ್ಲದ ಬೆಚ್ಚನೆಯ ರಾತ್ರಿಯಲ್ಲಿ ಅದರ ಆರನೇ ಒಂದು ಪಾಲೂ ಇಲ್ಲ. ಇಬ್ಬನಿ ಚೆನ್ನಾಗಿ ಬಿದ್ದ ರಾತ್ರಿಯಂತೂ ಕುಂಡದ ತೂಕ ಇಳಿಯುವ ಬದಲು ಕೊಂಚ ಏರಿಯೇ ಇರುತ್ತಿತ್ತು! ಹೇಲ್ಸ್ ಅಷ್ಟಕ್ಕೇ ಬಿಡಲಿಲ್ಲ. ಗಿಡದ ಎಲೆಗಳನ್ನೆಲ್ಲ ಕಿತ್ತು, ದಾರದಿಂದ ಕಾಲಿಂಚಿನ ಚೌಕಗಳ ಬಲೆ ಕಟ್ಟಿ, ಅದರಡಿ ಎಲೆಗಳನ್ನಿಟ್ಟು ಚೌಕ ಎಣಿಸಿದರು. ನೀವು ಗ್ರಾಫ್ ಹಾಳೆಯ ಮೇಲೆ ಎಲೆಯ ಅಂಚು ಬರೆದು ಚೌಕ ಎಣಿಸುತ್ತೀರಲ್ಲ, ಅದೇ ಉಪಾಯ. ಎಲ್ಲ ಎಲೆಗಳ ಹರವು ಸೇರಿ 39 ಚದರಡಿ ಬಂತು. ಒಂದು ಕುಂಡದ ಗಿಡಕ್ಕೆ ಒಂದು ಚಾಪೆಗಿಂತ ಅಗಲದ ಮೈ! 1727ರಲ್ಲಿ ಇದನ್ನೆಲ್ಲ ಪುಸ್ತಕವಾಗಿ ಅಚ್ಚು ಹಾಕಿಸಿದರು. ನನಗೆ ಈ ಪಾದ್ರಿಯವರ ಮೇಲೆ ತುಂಬ ಅಕ್ಕರೆ. ಒಂದು ತಕ್ಕಡಿ, ಒಂದು ಕುಂಡ, ಬೇಕಾದಷ್ಟು ತಾಳ್ಮೆ. ಇಷ್ಟರಲ್ಲೇ ಎಂಥ ದೊಡ್ಡ ಗುಟ್ಟು ಹೊರಗೆ ತೆಗೆದರು ನೋಡಿ.

ಗುಟ್ಟು ಇಷ್ಟೇ: ಗಿಡ ಕುಡಿದ ನೀರಿನಲ್ಲಿ ಬಹುಪಾಲನ್ನು ಇಟ್ಟುಕೊಳ್ಳುವುದಿಲ್ಲ. ನೂರು ಲೋಟ ಕುಡಿದರೆ ತೊಂಬತ್ತೇಳಕ್ಕೂ ಹೆಚ್ಚು ಲೋಟ ಎಲೆಗಳಿಂದ ಆವಿಯಾಗಿ ಹೋಗುತ್ತದೆ. ನಿಮ್ಮ ಪಾಠದ ಪುಸ್ತಕದಲ್ಲಿ ಇದಕ್ಕೆ ಬಾಷ್ಪವಿಸರ್ಜನೆ ಎಂದು ಹೆಸರು. ಮೋಡ ಮುಸುಕುವ ಇಂಗ್ಲೆಂಡಿನ ಬೇಸಿಗೆಯಲ್ಲೇ ಅರ್ಧ ಲೀಟರಾದರೆ ನಮ್ಮ ರಾಯಚೂರು, ಕೊಪ್ಪಳ, ಚಳ್ಳಕೆರೆಯ ಬಿಸಿಲಲ್ಲಿ ಎಷ್ಟಾದೀತು! ಹಗ್ಗದ ಮೇಲೆ ಹರವಿದ ಒದ್ದೆ ಬಟ್ಟೆ ಯಾವಾಗ ಬೇಗ ಒಣಗುತ್ತದೆ ಹೇಳಿ. ಬಿಸಿಲು ಜೋರಿದ್ದಾಗ, ಗಾಳಿ ಬೀಸಿದಾಗ, ಹವೆಯಲ್ಲಿ ತೇವ ಕಡಿಮೆ ಇದ್ದಾಗ, ಬಟ್ಟೆ ಮುದುಡದೆ ಅಗಲವಾಗಿ ಹರವಿದ್ದಾಗ. ಎಲೆಗೂ ಇದೇ ನಾಲ್ಕು ನಿಯಮ. ಬಯಲುಸೀಮೆಯ ಬೇಸಿಗೆಯಲ್ಲಿ ಮೊದಲ ಮೂರೂ ಒಟ್ಟಿಗೆ ಕೂಡಿಬರುತ್ತವೆ.

ಇಷ್ಟು ನೀರು ಕಳೆದುಕೊಳ್ಳುವ ಗಿಡ ಪೆದ್ದೇ? ಅಲ್ಲ. ಅದಕ್ಕೆ ಬೇರೆ ದಾರಿಯಿಲ್ಲ. ಎಲೆಯ ಅಡಿಬದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿವೆ. ಅವು ಪತ್ರರಂಧ್ರಗಳು. ಪ್ರತಿ ತೂತಿನ ಎರಡು ಕಡೆ ಎರಡು ಕಾವಲು ಕೋಶಗಳು. ಅವು ನೀರು ತುಂಬಿ ಉಬ್ಬಿದರೆ ತೂತು ತೆರೆಯುತ್ತದೆ, ನೀರು ಸಾಲದೆ ಸಡಿಲಾದರೆ ಮುಚ್ಚುತ್ತದೆ. ಗಿಡ ತನ್ನ ಆಹಾರ ತಯಾರಿಸಿಕೊಳ್ಳಲು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಬೇಕು. ಅದು ಒಳಗೆ ಬರುವುದೂ ಈ ತೂತಿನಿಂದಲೇ. ತೆರೆದರೆ ಊಟ ಸಿಗುತ್ತದೆ, ಆದರೆ ನೀರು ಹೋಗುತ್ತದೆ. ಮುಚ್ಚಿದರೆ ನೀರು ಉಳಿಯುತ್ತದೆ, ಆದರೆ ಉಪವಾಸ. ಜೊತೆಗೆ, ಹಾರುವ ಆವಿ ಎಲೆಯ ಮೈಯನ್ನು ತಂಪಾಗಿಡುತ್ತದೆ, ಬೇರಿನಿಂದ ನೀರನ್ನೂ ಅದರಲ್ಲಿ ಕರಗಿದ ಲವಣಗಳನ್ನೂ ಮೇಲಕ್ಕೆ ಸೆಳೆಯುತ್ತದೆ. ಹೀಗಾಗಿ ಅದು ಪೂರ್ತಿ ದಂಡವೂ ಅಲ್ಲ.

ನಡು ಮಧ್ಯಾಹ್ನ ಬದನೆ ಗಿಡದ ಎಲೆಗಳು ಜೋತುಬಿದ್ದಿರುವುದನ್ನು ನೀವು ನೋಡಿರಬಹುದು. ತಕ್ಷಣ ಕೊಡ ಹಿಡಿದು ಓಡಬೇಡಿ! ಬೇರು ಮೇಲಕ್ಕೆ ಕಳಿಸುವುದಕ್ಕಿಂತ ಬೇಗ ಎಲೆಯಿಂದ ನೀರು ಹಾರುತ್ತಿದೆ, ಅಷ್ಟೇ. ಮಣ್ಣೊಳಗೆ ತೇವ ಇದ್ದರೂ ಹೀಗಾಗುತ್ತದೆ. ಸಂಜೆ ತಂಪಾದ ಮೇಲೆ ಹೋಗಿ ನೋಡಿ. ಎಲೆ ತಾನಾಗಿ ನೆಟ್ಟಗಾಗಿದ್ದರೆ ಗಿಡಕ್ಕೆ ನೀರು ಬೇಕಾಗಿರಲಿಲ್ಲ. ಮರುದಿನ ಬೆಳಿಗ್ಗೆಯೂ ಜೋತುಬಿದ್ದೇ ಇದ್ದರೆ ಅದು ನಿಜವಾದ ಬಾಯಾರಿಕೆ. ಅನುಮಾನವಿದ್ದರೆ ಬುಡದ ಮಣ್ಣಿಗೆ ತೋರುಬೆರಳನ್ನು ಎರಡನೇ ಗೆಣ್ಣಿನವರೆಗೆ ಚುಚ್ಚಿ ನೋಡಿ. ಮೇಲೆ ಒಣಗಿ ಕಂಡರೂ ಒಳಗೆ ತಣ್ಣಗೆ ತಗುಲಿದರೆ ಇವತ್ತು ನೀರು ಬೇಡ. ಅಂಗಡಿಯಲ್ಲಿ ಇದಕ್ಕೆಂದು ಮೀಟರು ಮಾರುತ್ತಾರೆ, ಬೆರಳು ಬಿಟ್ಟಿ.

ಕೆಲವು ಗಿಡಗಳು ಈ ತೆರೆ-ಮುಚ್ಚು ಆಟದಲ್ಲಿ ಬಲು ಜಾಣರು. ಬೆಂಗಳೂರಿನ ಲಾಲ್‌ಬಾಗ್ ತೋಟವನ್ನು 1800ರ ಸುಮಾರಿಗೆ ನೋಡಿಕೊಳ್ಳುತ್ತಿದ್ದ ಬೆಂಜಮಿನ್ ಹೇಯ್ನ್ ಎಂಬ ಸಸ್ಯವಿಜ್ಞಾನಿ ಒಂದು ವಿಚಿತ್ರ ಗಮನಿಸಿದರು. ಕಾಡುಬಸಳೆಯ ದಪ್ಪ ಎಲೆಯನ್ನು ಬೆಳಗಿನ ಜಾವ ಅಗಿದರೆ ಹುಳಿ, ನಡು ಹಗಲಿಗೆ ಸಪ್ಪೆ, ಸಂಜೆಗೆ ಕೊಂಚ ಕಹಿ. ಒಂದೇ ಗಿಡ, ಒಂದೇ ದಿನ, ಮೂರು ರುಚಿ. ಅದರ ಬಗ್ಗೆ ಅವರು ಬರೆದ ಪತ್ರ 1815ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಕಾರಣ ಪೂರ್ತಿಯಾಗಿ ತಿಳಿಯಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಈ ಗಿಡ ಹಗಲಿನ ಬಿಸಿಲಲ್ಲಿ ಪತ್ರರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತಂಪಾದಾಗ ತೆರೆಯುತ್ತದೆ. ರಾತ್ರಿ ಒಳಗೆ ಬಂದ ಇಂಗಾಲದ ಡೈಆಕ್ಸೈಡನ್ನು ಹುಳಿಯ ರೂಪದಲ್ಲಿ ಎಲೆಯಲ್ಲೇ ಕೂಡಿಡುತ್ತದೆ. ಬೆಳಕು ಹರಿದ ಮೇಲೆ ಬಾಗಿಲು ಮುಚ್ಚಿಕೊಂಡು, ಆ ಹುಳಿಯನ್ನು ಬಿಡಿಸಿ ಅಡುಗೆ ಶುರುಮಾಡುತ್ತದೆ. ಹುಳಿ ಕರಗಿದಂತೆ ರುಚಿ ಸಪ್ಪೆ. ನೀವು ರುಚಿ ನೋಡಲು ಹೋಗಬೇಡಿ, ಕಾಡುಬಸಳೆಯಲ್ಲಿ ಹೃದಯಕ್ಕೆ ಒಗ್ಗದ ವಿಷದ ಅಂಶವಿದೆ. ಹೇಯ್ನ್ ಸಾಹೇಬರು ನಮ್ಮೆಲ್ಲರ ಪರವಾಗಿ ಆಗಲೇ ಅಗಿದು ನೋಡಿದ್ದಾರೆ.

ಲೋಳೆಸರ, ಪಾಪಾಸುಕಳ್ಳಿ ಇವೆಲ್ಲ ಇದೇ ರಾತ್ರಿಪಾಳಿಯವು. ಹೊಲದ ಬದುವಿನಲ್ಲಿ ನೆಲಕ್ಕಂಟಿ ಬೆಳೆಯುವ ಗೋಣಿಸೊಪ್ಪು ಇನ್ನೂ ಚತುರ. ನೀರಿದ್ದಾಗ ಹಗಲಿನಲ್ಲೇ ಕೆಲಸ ಮಾಡುತ್ತದೆ, ಬರ ಬಂದಾಗ ರಾತ್ರಿಪಾಳಿಗೆ ಬದಲಾಗುತ್ತದೆ. ಹೆದ್ದಾರಿಯ ನಡುವೆ ಸಾಲಾಗಿ ನೆಟ್ಟ ಕಣಗಿಲೆಯದು ಬೇರೆಯೇ ಉಪಾಯ. ಅದರ ಪತ್ರರಂಧ್ರಗಳು ಎಲೆಯ ಅಡಿಯ ಪುಟ್ಟ ಗುಳಿಗಳಲ್ಲಿ ಅಡಗಿವೆ, ಗುಳಿಯ ತುಂಬ ಸಣ್ಣ ರೋಮಗಳು. ಬಿಸಿಗಾಳಿ ನೇರವಾಗಿ ತಾಕುವುದಿಲ್ಲ. ಇದೂ ವಿಷದ ಗಿಡವೇ, ಕಣ್ಣಿನಲ್ಲಿ ನೋಡಿದರೆ ಸಾಕು. ಕಾಗದದ ಹೂವಿನ ಬಳ್ಳಿಗೆ ದಿನಾ ನೀರು ಹಾಕಿದರೆ ಬರೀ ಎಲೆ ಬಿಡುತ್ತದೆ. ಸ್ವಲ್ಪ ಒಣಗಗೊಟ್ಟರೆ ಮೈತುಂಬ ಬಣ್ಣ. ನೀರಿಲ್ಲದ ಊರಿನಲ್ಲಿ ಇಂಥವರನ್ನು ಅಂಗಳಕ್ಕೆ ಕರೆಯುವುದು ಬಿಟ್ಟು ಹುಲ್ಲುಹಾಸು ಬೆಳೆಸುವ ಹಟ ಯಾಕೋ ನನಗೆ ಅರ್ಥವಾಗುವುದಿಲ್ಲ.

ಇನ್ನು ಮಣ್ಣಿನ ಸರದಿ. ಹೇಲ್ಸ್ ಕುಂಡದ ಬಾಯಿಗೆ ಸೀಸದ ತಗಡು ಮುಚ್ಚಿದ್ದು ತೂಕದ ಲೆಕ್ಕ ತಪ್ಪದಿರಲೆಂದು. ನಮ್ಮ ಅಂಗಳಕ್ಕೂ ಒಂದು ಮುಚ್ಚಿಗೆ ಬೇಕು, ಆದರೆ ಅದು ನೀರು ಒಳಗೆ ಇಳಿಯಲು ಬಿಡಬೇಕು. ಒಣಗಿದ ಎಲೆ, ಜೋಳದ ಅಥವಾ ಕಬ್ಬಿನ ರವದಿ, ಶೇಂಗಾ ಸಿಪ್ಪೆ, ತೆಂಗಿನ ನಾರು, ಏನಾದರೂ ಆದೀತು. ಬುಡದ ಸುತ್ತ ನಾಲ್ಕು ಬೆರಳು ದಪ್ಪ ಹರವಿ. ಕಾಂಡಕ್ಕೆ ತಾಗಿಸಬೇಡಿ, ಅಲ್ಲಿ ತೇವ ನಿಂತರೆ ಕೊಳೆಯುತ್ತದೆ. ಗೆದ್ದಲು ಕಂಡರೆ ಸ್ವಲ್ಪ ತೆಳು ಮಾಡಿ. ಈಗ ಬಿಸಿಲು ಮಣ್ಣನ್ನು ಮುಟ್ಟುವುದಿಲ್ಲ, ಗಾಳಿ ಅದನ್ನು ಸವರುವುದಿಲ್ಲ. ಬೇಕಾದರೆ ಪರೀಕ್ಷೆ ಮಾಡಿ: ಒಂದೇ ಅಳತೆಯ ಎರಡು ಡಬ್ಬಿಗಳಲ್ಲಿ ಒಂದೇ ಮಣ್ಣು, ಒಂದೊಂದು ಲೋಟ ನೀರು. ಒಂದರ ಮೇಲೆ ರವದಿ, ಇನ್ನೊಂದು ಬೋಳು. ಎರಡನ್ನೂ ಬಿಸಿಲಿಗಿಟ್ಟು, ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ದಿನಾ ತೂಗಿ ಬರೆದುಕೊಳ್ಳಿ. ನೀವೂ ಆಗ ಹೇಲ್ಸ್ ಪಾದ್ರಿಗಳೇ.

ವಿಜಯಪುರದ ರೈತರು ಮುಚ್ಚಿಗೆ ಇಲ್ಲದೆಯೂ ಮುಚ್ಚಿಗೆ ಹಾಕುತ್ತಾರೆ. ಹಿಂಗಾರಿ ಜೋಳ ಬಿತ್ತಿದ ಎರಿ ಹೊಲದಲ್ಲಿ, ಅಂದರೆ ಕಪ್ಪು ಮಣ್ಣಿನ ಹೊಲದಲ್ಲಿ, ಮಳೆ ನಿಂತ ಮೇಲೆ ಸಾಲುಗಳ ನಡುವೆ ಕುಂಟೆ ಎಳೆದು ಎಡೆ ಹೊಡೆಯುವುದನ್ನು ನೋಡಿದ್ದೀರಾ? ಕಳೆ ತೆಗೆಯಲು ಮಾತ್ರವಲ್ಲ ಅದು. ಎರಿ ಮಣ್ಣು ಒಣಗಿದಂತೆ ಕುಗ್ಗಿ ಬಿರುಕು ಬಿಡುತ್ತದೆ. ಒಂದೊಂದು ಬಿರುಕಿನಲ್ಲಿ ಕೈ ಹೋಗುತ್ತದೆ! ಆಳದ ತೇವ ಆ ಬಿರುಕಿನಿಂದ ಹಾರಿಹೋಗುತ್ತದೆ. ಎಡೆ ಹೊಡೆದಾಗ ಬಿರುಕು ತುಂಬುತ್ತದೆ, ಮೇಲೆ ಸಡಿಲವಾದ ಒಣಮಣ್ಣಿನ ಪದರ ಕೂರುತ್ತದೆ. ಮಣ್ಣಿನ ಕಣಗಳ ನಡುವಿನ ಸಣ್ಣ ಸಂದುಗಳನ್ನು ಹಿಡಿದು ನೀರು ಮೇಲೇರುತ್ತದೆಯಲ್ಲ, ಆ ದಾರಿ ಅಲ್ಲಿಗೆ ಕಡಿಯುತ್ತದೆ. 1930ರ ದಶಕದಲ್ಲಿ ವಿಜಯಪುರ, ರಾಯಚೂರು ಮತ್ತು ಬಳ್ಳಾರಿ ಹತ್ತಿರದ ಹಗರಿಯಲ್ಲಿ ಒಣಬೇಸಾಯದ ಸಂಶೋಧನಾ ಕೇಂದ್ರಗಳು ಶುರುವಾದಾಗ ಅಲ್ಲಿನ ದೊಡ್ಡ ಪ್ರಶ್ನೆಯೂ ಇದೇ ಆಗಿತ್ತು: ಬಿದ್ದ ಮಳೆಯನ್ನು ಮಣ್ಣಿನಲ್ಲೇ ಹಿಡಿದಿಡುವುದು ಹೇಗೆ? ನಿಮ್ಮ ಕುಂಡದಲ್ಲೂ ಖುರಪಿಯಿಂದ ಮೇಲ್ಮಣ್ಣನ್ನು ಕೆದಕಿ ಸಡಿಲ ಮಾಡಿದರೆ ಇದೇ ಕೆಲಸವಾಗುತ್ತದೆ.

ಎರಿ ಮಣ್ಣಿನ ಕಣಗಳು ಅತಿ ಸಣ್ಣವು, ನೀರನ್ನು ಹೆಚ್ಚು ಹಿಡಿಯುತ್ತವೆ, ಬಿಡುವುದೂ ನಿಧಾನ. ಮಸಾರಿ ಅಂದರೆ ಕೆಂಪು ಮಣ್ಣಿನಲ್ಲಿ ನೀರು ಬೇಗ ಇಳಿದುಹೋಗುತ್ತದೆ. ಹಾಗಾಗಿ ಎರಿಯಲ್ಲಿ ಅಪರೂಪಕ್ಕೆ, ನಿಧಾನವಾಗಿ, ಹೊಟ್ಟೆ ತುಂಬ ಕೊಡಬೇಕು. ಮಸಾರಿಯಲ್ಲಿ ಕಡಿಮೆ ಕಡಿಮೆ, ಆದರೆ ಪದೇ ಪದೇ. ಮಸಾರಿಗೆ ಕೊಳೆತ ಗೊಬ್ಬರ ಬೆರೆಸಿದರೆ ಅದೂ ನೀರು ಹಿಡಿಯುವುದನ್ನು ಕಲಿಯುತ್ತದೆ.

ಮಣ್ಣು ಯಾವುದೇ ಇರಲಿ, ದಿನಾ ಒಂದೊಂದು ಲೋಟ ಚಿಮುಕಿಸುವುದು ಗಿಡಕ್ಕೆ ಮಾಡುವ ಉಪಕಾರವಲ್ಲ. ಮೇಲಿನ ಎರಡಿಂಚು ಮಾತ್ರ ತೇವವಾದರೆ ಬೇರುಗಳೂ ಅಲ್ಲೇ ಹರಡಿಕೊಳ್ಳುತ್ತವೆ, ಏಕೆಂದರೆ ಬೇರು ತೇವ ಇದ್ದಲ್ಲಿ ಬೆಳೆಯುತ್ತದೆ. ನೀವು ಎರಡು ದಿನ ಅಜ್ಜನ ಊರಿಗೆ ಹೋದಿರಿ ಎಂದಿಟ್ಟುಕೊಳ್ಳಿ. ಆ ಎರಡಿಂಚು ಮೊದಲು ಒಣಗುತ್ತದೆ, ಗಿಡ ಬಾಡುತ್ತದೆ. ಅದರ ಬದಲು ಬುಡದ ಸುತ್ತ ಪಾತಿ ಮಾಡಿ, ನೀರು ಆಳಕ್ಕೆ ಇಳಿಯುವಷ್ಟು ಒಮ್ಮೆ ಕೊಟ್ಟು, ಕೆಲವು ದಿನ ಬಿಟ್ಟರೆ ಬೇರು ಕೆಳಗೆ ಹುಡುಕಿಕೊಂಡು ಹೋಗುತ್ತದೆ. ನಸುಕಿನಲ್ಲಿ ಹಾಕಿದರೆ ಒಳ್ಳೆಯದು, ಬಿಸಿಲೇರುವ ಮುಂಚೆ ನೀರು ಇಳಿದಿರುತ್ತದೆ. ಸಂಜೆಯಾದರೂ ಆದೀತು. ಎಲೆಯ ಮೇಲೆ ಸುರಿಯುವುದು ಬೇಡ.

ಈಗ ನನಗೆ ಎಲ್ಲಕ್ಕಿಂತ ಪ್ರೀತಿಯ ಸಂಗತಿಗೆ ಬರುತ್ತೇನೆ: ಹೂತಿಟ್ಟ ಗಡಿಗೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಚೀನಾದಲ್ಲಿ ಫಾನ್ ಶೆಂಗ್‌ಝಿ ಎಂಬ ಕೃಷಿ ಪಂಡಿತರು ಇದನ್ನು ಬರೆದಿಟ್ಟಿದ್ದಾರೆ. ಮಣ್ಣಿನ ಗಡಿಗೆಯನ್ನು ಬಾಯಿ ನೆಲದ ಮಟ್ಟಕ್ಕೆ ಬರುವಂತೆ ಹೂತು, ನೀರು ತುಂಬಿ, ಸುತ್ತ ಬಳ್ಳಿಯ ನಾಲ್ಕು ಬೀಜ ಊರಿ, ಗಡಿಗೆಯ ಬಾಯಿಗೆ ಹೆಂಚು ಮುಚ್ಚುವುದು. ಇಷ್ಟೇ ವಿಧಾನ. ಇಂದಿಗೂ ಅದರಲ್ಲಿ ತಿದ್ದಬೇಕಾದದ್ದು ಹೆಚ್ಚೇನೂ ಇಲ್ಲ.

ಕುಂಬಾರರು ಸುಟ್ಟ ಗಡಿಗೆಯ ಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಬೇಸಿಗೆಯಲ್ಲಿ ಕುಡಿಯುವ ನೀರಿನ ಗಡಿಗೆಯ ಹೊರಮೈ ಒದ್ದೆಯಾಗುವುದು ಅದಕ್ಕೇ. ಗಡಿಗೆಯನ್ನು ನೆಲದಲ್ಲಿ ಹೂತರೆ ಆ ನೀರು ಗಾಳಿಗೆ ಹಾರುವ ಬದಲು ಮಣ್ಣಿಗೆ ಹೋಗುತ್ತದೆ. ಸುತ್ತಲಿನ ಮಣ್ಣು ಒಣಗಿದ್ದರೆ ಅದು ನೀರನ್ನು ಜೋರಾಗಿ ಎಳೆಯುತ್ತದೆ. ಮಣ್ಣು ತೇವವಾದಂತೆ ಎಳೆತ ಸಡಿಲ, ಗಡಿಗೆ ಸುರಿಸುವುದೂ ಕಡಿಮೆ. ಗಿಡ ಕುಡಿದು ಮಣ್ಣು ಮತ್ತೆ ಒಣಗಿದರೆ ಮತ್ತೆ ಎಳೆತ. ಯಾರೂ ನಲ್ಲಿ ತಿರುಗಿಸಬೇಕಿಲ್ಲ, ಗಡಿಯಾರ ನೋಡಬೇಕಿಲ್ಲ. ಎಷ್ಟು ಬೇಕೆಂದು ಮಣ್ಣೇ ಕೇಳಿ ಪಡೆಯುತ್ತದೆ. ಮೇಲ್ಮಣ್ಣು ಒಣಗಿಯೇ ಇರುವುದರಿಂದ ಕಳೆಯೂ ಹೆಚ್ಚು ಹುಟ್ಟುವುದಿಲ್ಲ.

ಮಾಡುವುದಾದರೆ ಬಣ್ಣ ಬಳಿಯದ, ಹೊಳಪು ಹಚ್ಚದ ಗಡಿಗೆ ತನ್ನಿ. ಬಣ್ಣ ಬಳಿದರೆ ರಂಧ್ರ ಮುಚ್ಚಿಹೋಗುತ್ತದೆ. ಮೊದಲು ಒಂದು ರಾತ್ರಿ ನೀರು ತುಂಬಿಟ್ಟು ಮೈ ಒದ್ದೆಯಾಗುತ್ತದೆಯೇ ನೋಡಿಕೊಳ್ಳಿ. ಕುತ್ತಿಗೆ ಮಾತ್ರ ಮೇಲೆ ಕಾಣುವಂತೆ ಹೂಳಿ. ಅದರಿಂದ ಅರ್ಧ ಗೇಣು ದೂರದಲ್ಲಿ ಹೀರೆ, ಸೌತೆ, ಸೋರೆ, ಟೊಮ್ಯಾಟೊ ಯಾವುದಾದರೂ ಹಾಕಿ. ಸಸಿ ಎಳೆಯದಾಗಿದ್ದಾಗ ಬೇರು ಗಡಿಗೆಯವರೆಗೆ ಹೋಗಿರುವುದಿಲ್ಲ, ಆ ಕೆಲವು ದಿನ ಬುಡಕ್ಕೂ ಸ್ವಲ್ಪ ನೀರು ಬೇಕು. ಬಾಯಿಗೆ ಹಂಚಿನ ಚೂರೋ ಮಣ್ಣಿನ ತಟ್ಟೆಯೋ ಮುಚ್ಚುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಸೊಳ್ಳೆಗಳು ಮೊಟ್ಟೆ ಇಡುತ್ತವೆ, ಪಾಪದ ಕಪ್ಪೆಗಳೂ ಬೀಳುತ್ತವೆ. ಪೂರ್ತಿ ಬರಿದಾಗಲು ಬಿಡದೆ ಆಗಾಗ ತುಂಬಿ. ನಮ್ಮ ಬೋರ್‌ವೆಲ್ ನೀರು ಗಡುಸು. ಅದರ ಸುಣ್ಣ ರಂಧ್ರಗಳಲ್ಲಿ ಕಟ್ಟಿಕೊಂಡು ಗಡಿಗೆ ನಿಧಾನವಾಗುತ್ತದೆ. ಫಸಲು ಮುಗಿದ ಮೇಲೆ ಅಗೆದು ತೆಗೆದಾಗ ತಿಕ್ಕಿ ತೊಳೆಯಿರಿ. ಆಗಲೇ ಇನ್ನೊಂದು ಕಾಣುತ್ತದೆ: ಗಡಿಗೆಯ ಮೈಗೆ ಬೇರುಗಳು ಬಲೆಯಾಗಿ ಅಪ್ಪಿಕೊಂಡಿರುತ್ತವೆ.

ಇದೇ ಗಡಿಗೆ ನೆಲದ ಮೇಲಿದ್ದರೆ ಲೆಕ್ಕ ತಿರುಗುಮುರುಗು. ಮಣ್ಣಿನ ಹೂಕುಂಡ ನೋಡಲು ಚಂದ, ಆದರೆ ನಡುಬೇಸಿಗೆಯಲ್ಲಿ ಅದರ ಗೋಡೆಯಿಂದಲೂ ನೀರು ಹಾರುತ್ತದೆ. ಕುಂಡಗಳನ್ನು ಬಿಡಿಬಿಡಿಯಾಗಿಡದೆ ಒತ್ತಾಗಿ, ಮಧ್ಯಾಹ್ನ ನೆರಳು ಬೀಳುವ ಕಡೆ ಇಡಿ.

ಹನಿ ನೀರಾವರಿಯ ಹಿಂದೆಯೂ ಒಂದು ಕುತೂಹಲದ ಕಣ್ಣಿದೆ. 1930ರ ದಶಕದಲ್ಲಿ ಸಿಮ್ಖಾ ಬ್ಲಾಸ್ ಎಂಬ ನೀರಿನ ಎಂಜಿನಿಯರ್ ಇಂದಿನ ಇಸ್ರೇಲಿನಲ್ಲಿ ಸಾಲು ಮರಗಳ ನಡುವೆ ಒಂದೇ ಒಂದು ಮರ ಮಾತ್ರ ದಷ್ಟಪುಷ್ಟವಾಗಿರುವುದನ್ನು ಕಂಡರು. ನೆಲ ಒಣಗಿತ್ತು. ಅಗೆದರೆ, ಸೋರುವ ಕೊಳವೆಯಿಂದ ಬೇರಿಗೆ ಹನಿ ಹನಿ ನೀರು ಬೀಳುತ್ತಿತ್ತು! ಆ ಯೋಚನೆ ಪ್ಲಾಸ್ಟಿಕ್ ಕೊಳವೆಯ ಕಾಲ ಬರುವವರೆಗೆ ಕಾಯಿತು. 1965ರಲ್ಲಿ ಹಾತ್ಸೆರಿಮ್ ಎಂಬ ಹಳ್ಳಿಯವರ ಜೊತೆ ಸೇರಿ ಹನಿ ಕೊಳವೆಗಳನ್ನು ತಯಾರಿಸುವ ಕಂಪನಿ ಕಟ್ಟಿದರು. ಇವತ್ತು ನಮ್ಮ ದಾಳಿಂಬೆ, ದ್ರಾಕ್ಷಿ ತೋಟಗಳಲ್ಲಿ ಕಪ್ಪು ಕೊಳವೆ ಹರಿದಾಡುತ್ತಿರುವುದು ಅದೇ ಸಂತತಿ.

ಅಕ್ಕಿ, ಬೇಳೆ, ಕಾಯಿಪಲ್ಲೆ ತೊಳೆದ ನೀರು ನೇರವಾಗಿ ಗಿಡಕ್ಕೆ ಹೋಗಲಿ. ಬಟ್ಟೆ ಸೋಪಿನ ನೀರು ಬೇಡ, ಅದರ ಲವಣ ಮಣ್ಣನ್ನು ಕೆಡಿಸುತ್ತದೆ.

ಕೊನೆಗೊಂದು ಗಣಿತ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ನೀರು. ವರ್ಷಕ್ಕೆ 500 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ನಿಮ್ಮ ಶಾಲೆಯ ಚಾವಣಿ 100 ಚದರ ಮೀಟರ್ ಇದ್ದರೆ ಅದರ ಮೇಲೆ 50,000 ಲೀಟರ್ ಬಿದ್ದಂತಾಯಿತು. ಚಾವಣಿ ಕಾದು ಆವಿಯಾದದ್ದು, ಮೊದಲ ಮಳೆಯ ಕೊಳೆ ನೀರೆಂದು ಬಿಟ್ಟದ್ದು, ಚೆಲ್ಲಿದ್ದು ಎಲ್ಲ ಕಳೆದು ನಾಲ್ಕರಲ್ಲಿ ಮೂರು ಪಾಲು ಸಿಕ್ಕಿತು ಎನ್ನೋಣ. ಐದು ಲೀಟರಿನ ಗಡಿಗೆಯನ್ನು ಅದರಿಂದ ಎಷ್ಟು ಸಲ ತುಂಬಬಹುದು? ಅಂಥ ಹತ್ತು ಗಡಿಗೆಗಳನ್ನು ನಾಲ್ಕು ದಿನಕ್ಕೊಮ್ಮೆ ತುಂಬಿದರೆ ಒಂದು ಬೇಸಿಗೆಯ ನೂರಿಪ್ಪತ್ತು ದಿನಕ್ಕೆ ಬೇಕಾಗುವುದೆಷ್ಟು, ಉಳಿಯುವುದೆಷ್ಟು? ಟೇಪು ಹಿಡಿದು ನಿಮ್ಮ ಶಾಲೆಯ ಚಾವಣಿಯ ನಿಜವಾದ ಉದ್ದ ಅಗಲ ಅಳೆದು ಲೆಕ್ಕ ಹಾಕಿ. ಚಾವಣಿಯ ಕೊಳವೆ ಈಗ ಎಲ್ಲಿಗೆ ಸುರಿಯುತ್ತಿದೆ ಎಂಬುದನ್ನೂ ನೋಡಿಕೊಂಡು ಬನ್ನಿ.